ಗಿಟಾರ್ ತಂತ್ರಗಳ ಅಭ್ಯಾಸಕ್ಕೆ ಯಾವ ಹಂತದಲ್ಲಿ ಯಾವ ಹಾಡು?

ಓಪನ್ ಕಾರ್ಡ್‌ಗಳು (ಕೆಲವು ತಂತಿಗಳನ್ನು ಒತ್ತದೆ ಖಾಲಿ ಬಿಟ್ಟು ಹಿಡಿಯುವ ಸ್ವರಗುಚ್ಛಗಳು) ಕೈಗೆ ಹತ್ತಿವೆ, ಇನ್ನು ಬಾರ್ ಕಾರ್ಡ್ (ತೋರುಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯುವ ಕಾರ್ಡ್), ಫಿಂಗರ್‌ಪಿಕಿಂಗ್ (ಬೆರಳುಗಳಿಂದ ತಂತಿಗಳನ್ನು ಒಂದೊಂದಾಗಿ ಮೀಟುವುದು), ಬೆಂಡಿಂಗ್ (ತಂತಿಯನ್ನು ಎಳೆದು ಸ್ವರ ಏರಿಸುವುದು) ಇತ್ಯಾದಿಗಳನ್ನು ಬರಿಯ ವ್ಯಾಯಾಮಗಳಿಂದಲ್ಲದೆ ಹಾಡುಗಳ ಮೂಲಕ ಕಲಿಯಬೇಕು, ಅದಕ್ಕೆ ಯಾವ ಹಂತದಲ್ಲಿ ಯಾವ ಹಾಡು ಸೂಕ್ತ ಎಂದು ನೀವು ಕೇಳಿದ್ದೀರಿ. ಸುಲಭದ ಹಾಡುಗಳು, ಕಷ್ಟದ ಹಾಡುಗಳು ಎಂದು ಎರಡು ಪಟ್ಟಿ ಕೊಟ್ಟರೆ ನಿಮಗೆ ಹೆಚ್ಚು ಪ್ರಯೋಜನವಾಗದು, ಏಕೆಂದರೆ ಒಂದೇ ಹಾಡು ಎಡಗೈಗೆ ಸುಲಭವಾಗಿದ್ದು ಬಲಗೈಗೆ ಕಠಿಣವಾಗಿರಬಹುದು. ಹಾಡನ್ನು ಆರಿಸುವಾಗ ನಾನು ನೋಡುವುದು ಎರಡೇ ಸಂಗತಿ. ನಿಮಗೆ ಹೊಸದಾದದ್ದು ಅದರಲ್ಲಿ ಒಂದೇ ಇರಬೇಕು, ಮತ್ತು ಆ ಒಂದು ಅಂಶ ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುತ್ತಿರಬೇಕು. ಇಡೀ ಹಾಡಿನಲ್ಲಿ ಒಮ್ಮೆ ಮಾತ್ರ ಬಂದು ಹೋಗುವ ತಂತ್ರವನ್ನು ಆ ಹಾಡಿನಿಂದ ಕಲಿಯಲು ಆಗುವುದಿಲ್ಲ.

ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಲಯವಾಗಿ ಬಾರಿಸುವುದು, ಇನ್ನೂ ತಡವರಿಸುತ್ತಿದ್ದರೆ ಎಡಗೈಗೆ ಹೆಚ್ಚು ಕೆಲಸವಿಲ್ಲದಂಥ ಹಾಡು ಬೇಕು. 'ಅಮೆರಿಕ' ಎಂಬ ತಂಡದ 'ಎ ಹಾರ್ಸ್ ವಿತ್ ನೋ ನೇಮ್' ಹಾಡನ್ನು ಎರಡು ಕಾರ್ಡ್‌ಗಳಲ್ಲೇ ನುಡಿಸಬಹುದಾದ್ದರಿಂದ ಗಮನವೆಲ್ಲ ಬಲಗೈಯ ಲಯದ ಮೇಲಿರುತ್ತದೆ. ಓಯಸಿಸ್‌ನ 'ವಂಡರ್‌ವಾಲ್' ಅದರ ಮುಂದಿನ ಮೆಟ್ಟಿಲು. ಅಲ್ಲಿ ಎರಡನೆಯ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಪಟ್ಟಿಗಳಿಂದ ಗುರುತಿಸಿದ ಮನೆ) ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅದರಿಂದ ಮೂರನೆಯ ಫ್ರೆಟ್‌ನಲ್ಲಿ ಉಂಗುರ ಬೆರಳು ಮತ್ತು ಕಿರುಬೆರಳನ್ನು ಕೆಳಗಿನ ಎರಡು ತೆಳು ತಂತಿಗಳ (ಒಂದನೆಯ ಮತ್ತು ಎರಡನೆಯ ತಂತಿ) ಮೇಲೆ ಊರಿದರೆ, ಚರಣದ ಕಾರ್ಡ್‌ಗಳು ಬದಲಾಗುವಾಗಲೂ ಅವು ಕದಲಬೇಕಾಗಿಲ್ಲ. ಎಲ್ಲರೂ ನುಡಿಸುತ್ತಾರೆಂದು ಆ ಹಾಡನ್ನು ಹಗುರವಾಗಿ ಕಾಣುವವರಿದ್ದಾರೆ, ಆದರೆ ಅದರ ಸ್ಟ್ರಮ್ಮಿಂಗ್ ಅನ್ನು ಲಯ ಎಣಿಸುವ ಮೆಟ್ರೊನೋಮ್ ಜೊತೆ ಜಾರದಂತೆ ನುಡಿಸುವವರು ಅವರಲ್ಲಿ ಕಡಿಮೆ.

ಬಾರ್ ಕಾರ್ಡ್ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ನಾನು ಸೂಚಿಸುವುದು 'ಹೌಸ್ ಆಫ್ ದ ರೈಸಿಂಗ್ ಸನ್' ಹಾಡನ್ನು, ಅದರಲ್ಲೂ ದಿ ಆ್ಯನಿಮಲ್ಸ್ ತಂಡದ 1964ರ ರೂಪವನ್ನು. ಅದರ ಪ್ರತಿ ಚರಣದ ಆರಂಭದಲ್ಲಿ ಎ ಮೈನರ್, ಸಿ, ಡಿ, ಎಫ್ ಎಂಬ ಕ್ರಮವಿದ್ದು, ಮೂರು ಪರಿಚಿತ ಕಾರ್ಡ್‌ಗಳ ನಂತರ ಬಾರ್ ಕಾರ್ಡ್ ಆದ ಎಫ್ ಬರುತ್ತದೆ. ಒಂದೊಂದು ಕಾರ್ಡ್‌ಗೂ ಆರು ಎಣಿಕೆಗಳಷ್ಟು ಕಾಲಾವಕಾಶವಿರುವುದರಿಂದ ಬೆರಳುಗಳಿಗೆ ಸಿದ್ಧವಾಗಲು ಸಮಯ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ತಂತಿಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಮೀಟಬೇಕು. ಸ್ಟ್ರಮ್ಮಿಂಗ್‌ನಲ್ಲಿ ಸತ್ತ ತಂತಿಯೊಂದು ಉಳಿದವುಗಳ ಸದ್ದಿನಲ್ಲಿ ಮರೆಯಾಗುತ್ತದೆ, ಇಲ್ಲಿ ಅದು ತಕ್ಷಣ 'ಟಕ್' ಎಂದು ಕೇಳಿಸಿಬಿಡುತ್ತದೆ. ಎಫ್ ಹಿಡಿದಾಗ ಐದು, ನಾಲ್ಕು, ಮೂರನೆಯ ತಂತಿಗಳನ್ನು ಬೇರೆ ಬೆರಳುಗಳು ನೋಡಿಕೊಳ್ಳುವುದರಿಂದ ತೋರುಬೆರಳು ನಿಜವಾಗಿ ಒತ್ತಬೇಕಾದದ್ದು ಆರು, ಎರಡು ಮತ್ತು ಒಂದನೆಯ ತಂತಿಗಳನ್ನು ಮಾತ್ರ. ಇದು ತಿಳಿದರೆ ಇಡೀ ಬೆರಳಿಗೆ ಬಲ ಹಾಕುವ ಅಭ್ಯಾಸ ತಪ್ಪಿ, ಬೆರಳನ್ನು ತುಸು ಓರೆಯಾಗಿ ಹೊರಳಿಸಿ ಇಟ್ಟರೆ ಸಾಕಾಗುತ್ತದೆ. ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಪಕ್ಕದ ಮೊದಲ ಫ್ರೆಟ್‌ನಲ್ಲೇ ತಂತಿ ಹೆಚ್ಚು ಬಿಗಿಯಾಗಿ ತೋರುತ್ತದೆಯಾದ್ದರಿಂದ, ಮೂರನೆಯ ಫ್ರೆಟ್‌ಗೆ ಕ್ಯಾಪೊ ಹಾಕಿ ಇದೇ ಹಾಡನ್ನು ಆರಂಭಿಸಿ, ಸ್ವರ ಸ್ಪಷ್ಟವಾದಂತೆ ಕ್ಯಾಪೊವನ್ನು ಒಂದೊಂದೇ ಫ್ರೆಟ್ ಹಿಂದಕ್ಕೆ ತನ್ನಿ.

ಫಿಂಗರ್‌ಪಿಕಿಂಗ್‌ಗೆ ಮೊದಲ ಪಾಠವಾಗಿ ಮೆಟಾಲಿಕಾದ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಹೆಸರು ಹೇಳಿದರೆ ಆಶ್ಚರ್ಯವಾಗಬಹುದು. ಅದರ ಆರಂಭದಲ್ಲಿ ಆರು, ಮೂರು, ಎರಡು, ಒಂದನೆಯ ತಂತಿಗಳನ್ನು ಖಾಲಿಯಾಗಿಯೇ ಮೀಟುವುದರಿಂದ ಎಡಗೈಗೆ ಏನೂ ಕೆಲಸವಿಲ್ಲ. ಅಷ್ಟು ಭಾಗವನ್ನು ಮಾತ್ರ ಕಲಿತು ಉಳಿದದ್ದನ್ನು ಸದ್ಯಕ್ಕೆ ಬಿಟ್ಟರೆ ನಷ್ಟವಿಲ್ಲ. ಪ್ರತಿ ಹಾಡನ್ನೂ ಪೂರ್ತಿ ಕಲಿಯಲೇಬೇಕೆಂಬ ಹಟ ಅಭ್ಯಾಸಕ್ಕೆ ಅಡ್ಡಿಯೇ ಆಗುತ್ತದೆ. ಬೆರಳುಗಳು ತಂತಿಯನ್ನು ನೋಡದೆಯೇ ಗುರುತಿಸತೊಡಗಿದ ಮೇಲೆ ಕಾನ್ಸಸ್ ತಂಡದ 'ಡಸ್ಟ್ ಇನ್ ದ ವಿಂಡ್' ಎತ್ತಿಕೊಳ್ಳಿ. ತಂಡದ ಗಿಟಾರ್ ವಾದಕ ಕೆರಿ ಲಿವ್‌ಗ್ರೆನ್ ತಮ್ಮ ಬೆರಳುಗಳ ಅಭ್ಯಾಸಕ್ಕೆಂದು ಮಾಡಿಕೊಂಡಿದ್ದ ನುಡಿಸಾಟವೇ ಈ ಹಾಡಾಯಿತು, ಹಾಗಾಗಿ ಅದು ಕಲಿಯುವವರಿಗೆ ಇಷ್ಟೊಂದು ಒಗ್ಗುವುದು ಸಹಜ. ಆರಂಭದ ಸಿ ಕಾರ್ಡ್‌ನಲ್ಲಿ ಹೆಬ್ಬೆರಳು ಐದನೆಯ ಮತ್ತು ನಾಲ್ಕನೆಯ ತಂತಿಗಳ ನಡುವೆ ಗಡಿಯಾರದಂತೆ ಓಡಾಡುತ್ತಿರುವಾಗ, ಎಡಗೈಯಲ್ಲಿ ಅದೇ ಕಾರ್ಡ್‌ನ ಒಂದೆರಡು ಬೆರಳುಗಳು ಮಾತ್ರ ಸರಿದಾಡುತ್ತವೆ. ಹೆಬ್ಬೆರಳ ಚಲನೆಯನ್ನೊಂದೇ ಮೊದಲು ನುಡಿಸಿ, ಅದು ನಿಮ್ಮ ಗಮನವನ್ನು ಬೇಡದಷ್ಟು ರೂಢಿಯಾದ ಮೇಲೆ ಉಳಿದ ಬೆರಳುಗಳನ್ನು ಸೇರಿಸಿ.

ಬೆಂಡಿಂಗ್‌ಗೆ ವೇಗದ ಸೋಲೊಗಳನ್ನು ಆರಿಸಬೇಡಿ. ಅವುಗಳಲ್ಲಿ ಸ್ವರ ಸರಿದುಹೋಗುವಷ್ಟರಲ್ಲಿ ಶ್ರುತಿ ತಪ್ಪಿದ್ದು ಕಿವಿಗೆ ಬೀಳುವುದೇ ಇಲ್ಲ. ಬಿ.ಬಿ. ಕಿಂಗ್ ನುಡಿಸಿರುವ 'ದ ಥ್ರಿಲ್ ಈಸ್ ಗಾನ್' ನಿಧಾನಗತಿಯದು, ಸ್ವರಗಳೂ ಕಡಿಮೆ, ಹಾಗಾಗಿ ಪ್ರತಿ ಬೆಂಡ್ ಮತ್ತು ವೈಬ್ರಾಟೊ (ಸ್ವರವನ್ನು ತುಸು ಅಲುಗಾಡಿಸುವುದು) ಬಯಲಾಗುತ್ತದೆ. ಮೂರನೆಯ ತಂತಿಯ ಒಂಬತ್ತನೆಯ ಫ್ರೆಟ್ ನುಡಿಸಿ ಕೇಳಿ, ನಂತರ ಏಳನೆಯ ಫ್ರೆಟ್‌ನಲ್ಲಿ ಅದೇ ತಂತಿಯನ್ನು ಆ ಸ್ವರ ಮುಟ್ಟುವವರೆಗೆ ಎಳೆಯಿರಿ. ಉಂಗುರ ಬೆರಳಿಗೆ ಹಿಂದಿನ ಎರಡು ಬೆರಳುಗಳ ಆಸರೆಯಿರಲಿ, ಬಲವು ಬೆರಳಿನಿಂದಲ್ಲದೆ ಮಣಿಕಟ್ಟಿನ ತಿರುವಿನಿಂದ ಬರಲಿ.

ಶಾಸ್ತ್ರೀಯ ಗಿಟಾರ್‌ನತ್ತ ಒಲವಿದ್ದರೆ 'ಸ್ಪ್ಯಾನಿಷ್ ರೊಮಾನ್ಸ್' ಎಂಬ ಹೆಸರಿನ ರಚನೆ ಬಹುಕಾಲ ಜೊತೆಗಿರುತ್ತದೆ. ಅದರ ಮೊದಲ ಸಾಲಿನಲ್ಲಿ ರಾಗವೆಲ್ಲ ಒಂದನೆಯ ತಂತಿಯ ಮೇಲೆಯೇ ಸಾಗುತ್ತದೆ, ಸ್ವಲ್ಪ ಮುಂದೆ ಬಾರ್ ಬರುತ್ತದೆ, ಇ ಮೇಜರ್‌ಗೆ ತಿರುಗುವ ಎರಡನೆಯ ಭಾಗದಲ್ಲಿ ಬೆರಳುಗಳನ್ನು ಬಹಳ ಅಗಲಿಸಬೇಕಾಗುತ್ತದೆ. ಸ್ಪೇನಿನ ಸಂಗೀತ ರಚನಾಕಾರ ತಾರ್‌ರೆಗಾ ಅವರ 'ರೆಕುಯೆರ್ದೋಸ್ ದೆ ಲಾ ಅಲ್ಹಾಂಬ್ರಾ'ದ ಟ್ರೆಮೊಲೊ (ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ಮೀಟುವುದು) ಮಾತ್ರ, ಹೆಬ್ಬೆರಳು, ಉಂಗುರ, ಮಧ್ಯ, ತೋರುಬೆರಳುಗಳ ಅದೇ ಕ್ರಮವನ್ನು ನಿಧಾನದ ಆರ್ಪೆಜಿಯೊಗಳಲ್ಲಿ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಸಮವಾಗಿ ನುಡಿಸಲು ಬಂದ ಮೇಲಿನ ಮಾತು.

ಡೌನ್‌ಸ್ಟ್ರೋಕ್‌ಗಳ (ಕೆಳಮುಖವಾಗಿ ಮಾತ್ರ ಮೀಟುವುದು) ಅಭ್ಯಾಸಕ್ಕೆ ಎಲ್ಲರೂ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಹೆಸರು ಹೇಳುತ್ತಾರೆ. ಅದು ನಿಮಿಷಕ್ಕೆ 200 ಬೀಟ್‌ಗಳಿಗೂ ಮೀರಿದ ವೇಗದ್ದು, ನೀವು ವಿವರಿಸಿರುವ ಹಂತಕ್ಕೆ ಸದ್ಯಕ್ಕೆ ಬೇಡ. ಬೇಕೇಬೇಕೆಂದರೆ ಅರ್ಧ ವೇಗದಲ್ಲಿ ತಾಳದ ನಾಲ್ಕು ಆವರ್ತಗಳಷ್ಟನ್ನೇ ನುಡಿಸಿ, ಮುಂಗೈ ಬಿಗಿಯಾದ ಕೂಡಲೇ ನಿಲ್ಲಿಸಿ, ಕೈ ಸಡಿಲವಾದ ಮೇಲೆ ಮತ್ತೆ ಹಿಡಿಯಿರಿ.