ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುತ್ತಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ, ಸಿಒಪಿಡಿ (ಗಾಳಿಕೊಳವೆ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಸಿಗರೇಟ್ ಪೂರ್ತಿ ಬಿಟ್ಟಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇನ್‌ಹೇಲರ್ ಬಿಟ್ಟು ಪ್ರಾಣಾಯಾಮ, ಗಿಡಮೂಲಿಕೆ ಶುರು ಮಾಡಿದರೆ ಶ್ವಾಸಕೋಶ ಮೊದಲಿನಂತಾಗುತ್ತಾ?

ಉತ್ತರ: ದಯವಿಟ್ಟು ಇನ್‌ಹೇಲರ್ ಬಿಡಿಸಬೇಡಿ. ಪ್ರಾಣಾಯಾಮ ಅದರ ಜೊತೆಗೆ ಇರಲಿ, ಅದರ ಬದಲಿಗೆ ಬೇಡ.

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಹೊಗೆ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆಗ ಓಡಿಬರುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವ ಬಿಡುತ್ತವೆ. ಚೀಲದ ಗೋಡೆ ಹಿಗ್ಗಿ ಕುಗ್ಗಲು ಬೇಕಾದ ನಾರನ್ನೇ ಅದು ಕರಗಿಸುತ್ತದೆ. ಇದಕ್ಕೆ ಕಡಿವಾಣ ಹಾಕಲು ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಇದೆ. ಹೊಗೆ ಅದರ ಶಕ್ತಿಯನ್ನೂ ಕುಂದಿಸುತ್ತದೆ. ಗೋಡೆ ಹೋದ ಮೇಲೆ ಸಣ್ಣ ಗಾಳಿಕೊಳವೆಗಳಿಗೆ ಆಸರೆ ತಪ್ಪುತ್ತದೆ, ಉಸಿರು ಬಿಡುವಾಗ ಅವು ಕುಸಿಯುತ್ತವೆ. ಹಳೆ ಗಾಳಿ ಒಳಗೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ? ತಂದೆಯವರಿಗೆ ಎಳೆಯುವುದಕ್ಕಿಂತ ಬಿಡುವುದೇ ಕಷ್ಟ ಅನ್ನಿಸ್ತಿರಬಹುದು, ಅಲ್ವಾ?

ಹೋದ ಗೋಡೆಯನ್ನು ಮತ್ತೆ ಕಟ್ಟುವ ಔಷಧ ಸದ್ಯಕ್ಕೆ ಯಾವ ಪದ್ಧತಿಯಲ್ಲೂ ಇಲ್ಲ. ಆದರೆ ಉಳಿದಿದ್ದನ್ನು ಕಾಪಾಡಬಹುದು. ಅದಕ್ಕೆ ಸಿಗರೇಟ್ ಬಿಡಲೇಬೇಕು. ಈ ವಯಸ್ಸಿನಲ್ಲಿ ಬಿಟ್ಟರೂ ಹಾನಿಯ ವೇಗ ತಗ್ಗುತ್ತದೆ.

ನಾನು ಒತ್ತಿ ಹೇಳುವುದು ಪಲ್ಮನರಿ ರಿಹ್ಯಾಬಿಲಿಟೇಶನ್ ಬಗ್ಗೆ. ಸಾಮಾನ್ಯವಾಗಿ 6ರಿಂದ 8 ವಾರ, ಫಿಸಿಯೋಥೆರಪಿಸ್ಟ್ ಕಣ್ಣೆದುರಲ್ಲಿ ನಡಿಗೆ, ಕೈಕಾಲಿನ ವ್ಯಾಯಾಮ, ಉಸಿರಾಟದ ಅಭ್ಯಾಸ ಮಾಡಿಸುತ್ತಾರೆ. ಸ್ಪೈರೋಮೆಟ್ರಿಯ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆಯ) ಅಂಕಿ ಜಾಸ್ತಿ ಬದಲಾಗದಿರಬಹುದು. ಆದರೆ ಕಾಲಿನ ಸ್ನಾಯು ಬಲವಾದರೆ ಅದೇ ಮೆಟ್ಟಿಲಿಗೆ ಕಡಿಮೆ ಉಸಿರು ಸಾಕು. ಬಹಳ ಜನ ಇದನ್ನು ಕೇಳುವುದೇ ಇಲ್ಲ, ಅದೇ ಬೇಜಾರು.

ಮನೆಯಲ್ಲಿ ಹೀಗೆ ಮಾಡಿಸಿ: ಮೂಗಿನಿಂದ ನಿಧಾನವಾಗಿ ಎಳೆದು, ಶಿಳ್ಳೆ ಹಾಕುವ ಹಾಗೆ ತುಟಿ ಕಿರಿದು ಮಾಡಿ, ಎರಡರಷ್ಟು ಹೊತ್ತು ಬಿಡಬೇಕು. ಆಗ ಒಳಗೆ ಉಳಿಯುವ ಒತ್ತಡ ಕೊಳವೆಗಳನ್ನು ಕುಸಿಯಲು ಬಿಡುವುದಿಲ್ಲ. ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವ ಕುಂಭಕ ಬೇಡ.

ಗಿಡಮೂಲಿಕೆಯದ್ದು, ಸಹಜವಾದದ್ದು ಅಂದ ಮಾತ್ರಕ್ಕೆ ಸುಮ್ನೆ ತೆಗೆದುಕೊಳ್ಳುವಂತಿಲ್ಲ. ಕೆಲವು ಮೂಲಿಕೆಗಳು ಥಿಯೋಫಿಲಿನ್ (ಗಾಳಿಕೊಳವೆ ಸಡಿಲಿಸುವ ಔಷಧ) ಮಾತ್ರೆಯ ಪರಿಣಾಮವನ್ನೇ ಏರುಪೇರು ಮಾಡುತ್ತವೆ. 1994ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಅಧ್ಯಯನವೊಂದರಲ್ಲಿ ಸಿಗರೇಟ್ ಸೇದುವ ಗಂಡಸರಿಗೆ ಕ್ಯಾರೆಟ್‌ನಲ್ಲಿ ಸಹಜವಾಗಿಯೇ ಇರುವ ಬೀಟಾ ಕ್ಯಾರೋಟಿನ್ಅನ್ನು ಮಾತ್ರೆಯಾಗಿ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಏನೇ ಶುರು ಮಾಡುವುದಿದ್ದರೂ ಮೊದಲು ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಹೋದಾಗ ತಂದೆಯವರು ಇನ್‌ಹೇಲರನ್ನು ಡಾಕ್ಟರ ಎದುರಿಗೇ ಬಳಸಲಿ. ಒತ್ತಿ ಎಳೆಯುವಂಥದ್ದಾದರೆ, ಔಷಧ ಎಳೆದ ಮೇಲೆ ಸುಮಾರು 10 ಸೆಕೆಂಡ್ ಉಸಿರು ಹಿಡಿಯಬೇಕು (ಇದು ಕುಂಭಕವಲ್ಲ, ಔಷಧ ಒಳಗೆ ನಿಲ್ಲಲು ಅಷ್ಟೇ). ಫ್ಲೂ ಮತ್ತು ನ್ಯೂಮೋನಿಯಾ ಲಸಿಕೆಯನ್ನೂ ಅಂದೇ ಕೇಳಿ. ಕಫ ಜಾಸ್ತಿಯಾಗಿ ಹಳದಿ, ಹಸಿರು ಬಣ್ಣಕ್ಕೆ ತಿರುಗಿದರೆ ಅಥವಾ ಏದುಸಿರು ದಿಢೀರನೆ ಹೆಚ್ಚಾದರೆ ಮಾತ್ರ ಆ ದಿನದವರೆಗೆ ಕಾಯಬೇಡಿ, ಕೂಡಲೇ ಕರೆದುಕೊಂಡು ಹೋಗಿ.