747 ವಿಮಾನದ ತಲೆ ಮೇಲೆ ಆ ಗೂನು ಯಾಕೆ?

ಬೋಯಿಂಗ್ 747ರ ಮುಂಭಾಗ ಯಾಕೆ ಉಬ್ಬಿದೆ, ಅದನ್ನು ನೆಲದಿಂದಲೇ ಗುರುತಿಸೋದು ಹೇಗೆ ಅಂತ ಕೇಳಿದ್ದೀರಿ.

ಆ ಗೂನು ಬಂದಿದ್ದು ಸರಕು ಸಾಗಣೆಯ ಯೋಚನೆಯಿಂದ! 1960ರ ದಶಕದಲ್ಲಿ ಇದನ್ನು ರೂಪಿಸುವಾಗ, ಮುಂದೆ ಪ್ರಯಾಣಿಕರು ಶಬ್ದಕ್ಕಿಂತ ವೇಗದ ವಿಮಾನಗಳಿಗೆ ಹೋಗಿಬಿಡುತ್ತಾರೆ, ಆಗ ಇದು ಸಾಮಾನು ಹೊರುತ್ತದೆ ಅನ್ನೋ ಲೆಕ್ಕಾಚಾರ ಇತ್ತು. ಮೂತಿಯನ್ನೇ ಮೇಲಕ್ಕೆತ್ತಿ ಉದ್ದುದ್ದ ಸರಕನ್ನು ನೇರವಾಗಿ ಒಳಗೆ ತಳ್ಳಬೇಕಾದರೆ ಕಾಕ್‌ಪಿಟ್ ಅಡ್ಡ ಬರಬಾರದು, ಅಲ್ವಾ? ಅದಕ್ಕೇ ಪೈಲಟ್‌ಗಳನ್ನು ಮೇಲೆ ಕೂರಿಸಿದರು. ಹಿಂದೆ ಗಾಳಿ ಸರಾಗವಾಗಿ ಹರಿಯಲಿ ಅಂತ ಇಳಿಜಾರು ಕೊಟ್ಟರು. ಎಂಥ ಚೆಂದದ ಪರಿಹಾರ!

ಮೊದಲ ಹಾರಾಟ 1969ರ ಫೆಬ್ರವರಿ 9ರಂದು. 1971ರಲ್ಲಿ ಏರ್ ಇಂಡಿಯಾಗೂ ಬಂತು, ಮೊದಲನೆಯದರ ಹೆಸರು 'ಎಂಪರರ್ ಅಶೋಕ'.

ಗುರುತಿಸೋದು ಸುಲಭ. ನಾಲ್ಕು ಎಂಜಿನ್ ಜೊತೆಗೆ ಮುಂದೆ ಮಾತ್ರ ಗೂನು ಇದ್ದರೆ 747. ಏರ್‌ಬಸ್ ಎ380ಗೂ ನಾಲ್ಕೇ ಎಂಜಿನ್, ಆದರೆ ಅದರ ಮೇಲಂತಸ್ತು ಹಿಂದಿನವರೆಗೂ ಚಾಚಿರುತ್ತದೆ. 747ರಲ್ಲೂ ಬೇರೆ ಬೇರೆ ಮಾದರಿಗಳಿವೆ: ಗೂನಿನ ಜೊತೆ ರೆಕ್ಕೆಯ ತುದಿ ಮೇಲಕ್ಕೆ ಮಡಚಿದಂತಿದ್ದರೆ ಅದು ಹೆಚ್ಚಾಗಿ 747-400. ಎಂಜಿನ್ ಕವಚದ ಹಿಂಬದಿ ಅಂಚು ಗರಗಸದ ಹಲ್ಲಿನಂತಿದ್ದರೆ 747-8. ಕೊನೆಯ 747 ಕೈಸೇರಿದ್ದು 2023ರ ಜನವರಿಯಲ್ಲಿ, ಅದೂ ಸರಕು ವಿಮಾನವಾಗಿ. ಈಗ ಜಾಸ್ತಿ ಕಾಣಸಿಗೋದೂ ಸರಕಿನವೇ, ಹಾಗಾಗಿ ಕಾರ್ಗೋ ಕಡೆ ಕಣ್ಣಿಡಿ.