ನಿಮ್ಮ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದ ಸಂಗೀತ, ನೃತ್ಯ ಪ್ರದರ್ಶನಗಳು ಯಾವುವು?

ಕಾಲ, ಪ್ರಕಾರ ಯಾವುದಾದರೂ ಸರಿ ಎಂದಿದ್ದೀರಿ. ಹಾಗಾದರೆ ನನ್ನ ಮೊದಲ ಆಯ್ಕೆ 1956ರ ಜುಲೈ 7ರ ರಾತ್ರಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಜಾಝ್ ಸಂಯೋಜಕ, ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ತಂಡ ನಡೆಸಿದ ಕಛೇರಿ. ನನಗೆ ಸಿಕ್ಕಿದ್ದು ಅದರ ಧ್ವನಿಮುದ್ರಣ ಮಾತ್ರ. ಅಷ್ಟೇ ಸಾಕಾಗಿದೆ.

ಹೊತ್ತು ಮೀರಿತ್ತು, ಜನ ಎದ್ದು ಹೊರಡುತ್ತಿದ್ದರು. ಆಗ ಎಲಿಂಗ್ಟನ್ ತಾವೇ 1937ರಲ್ಲಿ ರಚಿಸಿದ್ದ ಎರಡು ಬ್ಲೂಸ್ (ಆಫ್ರಿಕನ್-ಅಮೆರಿಕನ್ನರ ಒಂದು ಸಂಗೀತ ಪ್ರಕಾರ) ಕೃತಿಗಳನ್ನು ಕೈಗೆತ್ತಿಕೊಂಡರು. ಎರಡನ್ನೂ ಬೆಸೆಯುವ ಹೊಣೆ ಸ್ಯಾಕ್ಸೊಫೋನ್ ವಾದಕ ಪಾಲ್ ಗೊನ್ಸಾಲ್ವಿಸ್ ಅವರದು. ಹನ್ನೆರಡು ಬಾರ್‌ಗಳಿಗೆ, ಅಂದರೆ ತಾಳದ ಹನ್ನೆರಡು ಆವರ್ತಗಳಿಗೆ, ಒಂದು ಸುತ್ತು. ಅಂಥ 27 ಸುತ್ತುಗಳನ್ನು ಅವರು ಒಂದೇ ಓಘದಲ್ಲಿ ನುಡಿಸಿದರು. ಹಿಂದೆ ಪಿಯಾನೊ, ಬಾಸ್, ಡ್ರಮ್ಸ್ ಬಿಟ್ಟರೆ ಬೇರೇನೂ ಇಲ್ಲ. ಆರಂಭದ ಸುತ್ತುಗಳಲ್ಲಿ ಸಭೆ ಸುಮ್ಮನೆ ಕೇಳುತ್ತಿರುತ್ತದೆ. ಆಮೇಲೆ ಒಂದು ಕೂಗು, ಚಪ್ಪಾಳೆ, ಮತ್ತೊಂದು ಕೂಗು. ಕಪ್ಪು ಉಡುಪಿನ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು. ಎಲಿಂಗ್ಟನ್ ತಂಡದವರಲ್ಲದ ಡ್ರಮ್ಸ್ ವಾದಕ ಜೋ ಜೋನ್ಸ್ ವೇದಿಕೆಯ ಅಂಚಿನಲ್ಲಿ ಕುಳಿತು, ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ಕುಟ್ಟುತ್ತ ತಂಡವನ್ನು ಹುರಿದುಂಬಿಸಿದರು. ಇಷ್ಟೆಲ್ಲ ಗದ್ದಲದ ನಡುವೆಯೂ ಗೊನ್ಸಾಲ್ವಿಸ್ ಅಬ್ಬರಿಸುವುದಿಲ್ಲ, ಕಾಲಪ್ರಮಾಣವನ್ನು ಬಿಟ್ಟುಕೊಡುವುದಿಲ್ಲ. ಸಭೆಯೇ ಅವರ ಸುತ್ತ ಕಾವೇರುತ್ತ ಹೋಗುತ್ತದೆ.

ನಾನು ಯಾವ ಪ್ರದರ್ಶನದಲ್ಲೂ ಹುಡುಕುವುದು ಇದನ್ನೇ: ಮನೋಧರ್ಮ. ಎಷ್ಟೇ ಸಿದ್ಧತೆ ಇರಲಿ, ಆ ಹೊತ್ತಿಗೆ, ಆ ಜಾಗದಲ್ಲಿ ಹುಟ್ಟಿದ್ದೇನಾದರೂ ಅದರಲ್ಲಿ ಇರಬೇಕು.

ಅಮೆರಿಕದ ಪಿಯಾನೊ ವಾದಕ ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಜರ್ಮನಿಯ ಕಲೋನ್ ನಗರದಲ್ಲಿ ನುಡಿಸಿದ್ದು ಇದಕ್ಕೆ ಒಳ್ಳೆಯ ನಿದರ್ಶನ. ಅವರು ಬಯಸಿದ ಪಿಯಾನೊ ಸಿಗಲಿಲ್ಲ. ಸಿಕ್ಕ ಸಣ್ಣ ಪಿಯಾನೊದಲ್ಲಿ ಮಂದ್ರಕ್ಕೆ ತುಂಬುದನಿ ಇರಲಿಲ್ಲ, ತಾರಸ್ವರಗಳು ಕರ್ಕಶವಾಗಿದ್ದವು. ಹಾಗಾಗಿ ಅವರು ಹೆಚ್ಚಾಗಿ ಮಧ್ಯಭಾಗದಲ್ಲೇ ಉಳಿದು, ಎಡಗೈಯಲ್ಲಿ ಒಂದೇ ವಿನ್ಯಾಸವನ್ನು ಮರುಕಳಿಸುತ್ತ, ಒಂದು ಗಂಟೆಗೂ ಮಿಕ್ಕಿ ಬರೆದಿಟ್ಟುಕೊಳ್ಳದ ಸಂಗೀತವನ್ನು ಕಟ್ಟಿದರು. ಆ ಮರುಕಳಿಕೆಯೇ ಕೇಳುಗರನ್ನು ಸೆರೆಹಿಡಿಯುತ್ತದೆ.

ನೃತ್ಯದಲ್ಲಿ ಭರತನಾಟ್ಯ ಕಲಾವಿದೆ ಟಿ. ಬಾಲಸರಸ್ವತಿ ಅವರ ಪಕ್ಕದಲ್ಲಿ ಇನ್ನೊಂದು ಹೆಸರು ಇಡಲು ನನಗೆ ಮನಸ್ಸು ಬರುವುದಿಲ್ಲ. ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರಲ್ಲಿ ಅವರು ಕಡಲ ತೀರದಲ್ಲಿ ನಮ್ಮ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಕೃತಿಗೆ ಅಭಿನಯಿಸುತ್ತಾರೆ. ಆಗ ಅವರ ವಯಸ್ಸು ಐವತ್ತರ ಕೊನೆಯ ಹಂತದಲ್ಲಿತ್ತು. ಸೆರಗನ್ನು ಗಾಳಿ ಎಳೆದಾಡುತ್ತದೆ, ಹಿಂದೆ ಅಲೆಗಳು. ಇಷ್ಟು ಸೂಕ್ಷ್ಮ ಕಲೆಗೆ ಕಡಲ ಬಯಲು ತಕ್ಕ ಜಾಗವಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಕೈ ಮತ್ತು ಕಣ್ಣುಗಳನ್ನು ಗಮನಿಸಿ. ಹಾಡಿನ ಸಾಲು ಮರಳಿ ಬಂದಾಗ ಕರೆ ಅದೇ ಆಗಿರುವುದಿಲ್ಲ. ಕರೆಯುವ ತಾಯಿಯ ಮನಸ್ಸು ಅಷ್ಟರಲ್ಲಿ ಬದಲಾಗಿರುತ್ತದೆ. ವೀಣೆ ಧನಮ್ಮಾಳ್ ಅವರ ಮೊಮ್ಮಗಳು ಅವರು, ಸ್ವತಃ ಹಾಡಬಲ್ಲವರು. ಅವರ ಅಭಿನಯ ಪದದ ಅರ್ಥಕ್ಕೆ ನಿಲ್ಲದೆ ರಾಗದ ಎಳೆಯನ್ನು ಹಿಡಿದು ಸಾಗುವುದು ಅದರಿಂದಲೇ.

ಹಾಗೆಂದು ಚಮತ್ಕಾರವನ್ನು ನಾನು ಹೀಗಳೆಯುವುದಿಲ್ಲ. 1943ರ ‘ಸ್ಟಾರ್ಮಿ ವೆದರ್’ ಚಿತ್ರದಲ್ಲಿ ಅಮೆರಿಕದ ನೃತ್ಯಜೋಡಿ ನಿಕೋಲಸ್ ಸಹೋದರರು ಮೆಟ್ಟಿಲಿಳಿಯುವಾಗ ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರು ಹಾರಿ, ಕಾಲುಗಳನ್ನು ಪೂರ್ತಿ ಚಾಚಿ ಕೆಳಗಿನ ಮೆಟ್ಟಿಲ ಮೇಲೆ ಇಳಿಯುತ್ತಾರೆ. ಮರುಕ್ಷಣವೇ, ಕೈ ಊರದೆ, ಮೇಲೇಳುತ್ತಾರೆ. ಅಷ್ಟೆಲ್ಲ ಮಾಡಿಯೂ ಮುಖದಲ್ಲಿ ಆಯಾಸವಿಲ್ಲ, ಲಯದಲ್ಲಿ ಕೂದಲೆಳೆಯಷ್ಟೂ ಏರುಪೇರಿಲ್ಲ.

ಮೈಕೆಲ್ ಜಾಕ್ಸನ್ 1983ರಲ್ಲಿ ಮೂನ್‌ವಾಕ್ ಮಾಡಿದ ಪ್ರದರ್ಶನವನ್ನು ಉಳಿದವರು ಹೇಗೂ ಹೇಳುತ್ತಾರೆ, ಹೇಳಲೇಬೇಕು. ಆ ಹೆಜ್ಜೆ ಕಾಣಿಸಿಕೊಳ್ಳುವುದು ಕೆಲವೇ ಕ್ಷಣ ಎಂಬುದನ್ನು ಮಾತ್ರ ನೆನಪಿಡಿ.

ನ್ಯೂಪೋರ್ಟ್ ಕಛೇರಿಯನ್ನು ಕೇಳುವುದಾದರೆ 1999ರ ಆವೃತ್ತಿಯನ್ನೇ ಹುಡುಕಿ. ಗೊನ್ಸಾಲ್ವಿಸ್ ಅಂದು ಬೇರೆ ಮೈಕಿನತ್ತ ತಿರುಗಿ ನುಡಿಸಿದ್ದರಿಂದ ಹಳೆಯ ಮುದ್ರಣದಲ್ಲಿ ಅವರ ವಾದನ ದೂರದಿಂದ ಬಂದಂತೆ ಕೇಳಿಸುತ್ತದೆ. ಆ ಇನ್ನೊಂದು ಮೈಕಿನ ಮುದ್ರಣವನ್ನೂ ಜೋಡಿಸಿದ ಮೇಲೆಯೇ ಅದು ಸ್ಪಷ್ಟವಾಗಿ ಕಿವಿಗೆ ಬಿದ್ದದ್ದು.